ಮಡಿಕೇರಿಯ ವೀರಸ್ಮಾರಕಗಳೂ ನಮ್ಮ ಋಣವೂ
(ರಾಜ್ಯೋತ್ಸವದ ಸಭೆಯಲ್ಲಿ ಮಾಡಿದ ಭಾಷಣ)



ನವೆಂಬರ ೧ನೆಯ ದಿನವು ನಮಗೆ ಎರಡು ಪುಣ್ಯಸ್ಮರಣೆಗಳನ್ನು ತರುತ್ತದೆ. ೧೯೫೬ರಲ್ಲಿ ಈ ದಿನವೇ ಹರಿದು ಹಂಚಿಹೋಗಿದ್ದ ಕನ್ನಡ ನಾಡು ಒಂದಾಯಿತು. ಅದುವರೆಗೆ ಪ್ರತ್ಯೇಕ ರಾಜ್ಯವಾಗಿದ್ದ ಕೊಡಗೂ ಬಂದು ಸೇರಿತು. ಅದಕ್ಕೆ ಎಂಟು ವರ್ಷ ಮೊದಲು, ೧೯೪೮ರ ಇದೇ ದಿನ, ಹನ್ನೊಂದು ಸಾವಿರ ಅಡಿಗೂ ಮಿಕ್ಕಿದ ಎತ್ತರದ ಜೋಜಿ ಲಾ ಘಟ್ಟಕ್ಕೆ ಟ್ಯಾಂಕುಗಳನ್ನು ಏರಿಸಿ ಲಡಾಖಿನ ದಾರಿಯನ್ನು ಬಿಡಿಸಿದವರು ಮಡಿಕೇರಿಯಲ್ಲಿ ಹುಟ್ಟಿದ ತಿಮ್ಮಯ್ಯನವರು. ಕೊಡಗು ನಮ್ಮನ್ನು ಸೇರುವಾಗ ಬರಿಗೈಯಲ್ಲಿ ಬರಲಿಲ್ಲ; ಇಂತಹ ಕೀರ್ತಿಯನ್ನು ಹೊತ್ತು ಬಂದಿತು.

ಮಡಿಕೇರಿಯು ಸಣ್ಣ ಪಟ್ಟಣ. ಆದರೂ ಅಲ್ಲಿ ದಾರಿಗಳು ಕೂಡುವೆಡೆಗಳಲ್ಲಿ ಯೋಧರ ಹೆಸರುಗಳು ನಿಂತಿವೆ. ೧೯೪೯ರ ಜನವರಿ ೧೫ರಂದು ಭಾರತೀಯ ಸೇನೆಯ ಮೊದಲನೆಯ ಸ್ವದೇಶೀ ಮಹಾದಂಡನಾಯಕರಾದ ಕಾರ್ಯಪ್ಪನವರು ನಿವೃತ್ತಿಯ ತರುವಾಯ ನೆಲೆಸಿದ್ದು ಇಲ್ಲಿಯೇ. ತಿಮ್ಮಯ್ಯನವರ ಮನೆ 'ಸನ್ನಿ ಸೈಡ್' ಬಹುಕಾಲ ಸಾರಿಗೆ ಕಚೇರಿಯಾಗಿದ್ದು, ೨೦೨೧ರಲ್ಲಿ ಅವರ ಸ್ಮಾರಕ ಸಂಗ್ರಹಾಲಯವಾಯಿತು.

ಆದರೆ ಮಹನೀಯರೆ, ಕಲ್ಲು ಕಂಚುಗಳು ತಾವಾಗಿ ಮಾತಾಡುವವೆ? ಅಜ್ಜಮಾಡ ದೇವಯ್ಯನವರನ್ನು ನೆನೆಯಿರಿ. ೧೯೬೫ರ ಸೆಪ್ಟೆಂಬರ ೭ರಂದು ಸರಗೋಧಾ ದಾಳಿಯಲ್ಲಿ ಈ ವಿಮಾನವೀರರು, ತಮ್ಮ ವಿಮಾನಕ್ಕೆ ಪೆಟ್ಟು ಬಿದ್ದಿದ್ದರೂ ಹಿಂದೆಗೆಯದೆ, ತಮಗಿಂತ ಬಹಳ ವೇಗದ ಶತ್ರುವಿಮಾನವನ್ನು ಎದುರಿಸಿ ಕೆಡವಿದರು. ತಾವು ಮರಳಿ ಬರಲಿಲ್ಲ. ಅವರ ಸಾಹಸವನ್ನು ಕಂಡು ಹೇಳುವವರು ನಮ್ಮ ಪಾಳೆಯದಲ್ಲಿ ಯಾರೂ ಇರಲಿಲ್ಲ. ಹಲವು ವರ್ಷಗಳ ಮೇಲೆ ಹೊರದೇಶದ ಲೇಖಕನೊಬ್ಬನ ಬರಹದಿಂದ ಸಂಗತಿ ಬೆಳಕಿಗೆ ಬಂದಿತು. ಮಹಾವೀರ ಚಕ್ರವು ೧೯೮೮ರಲ್ಲಿ, ಇಪ್ಪತ್ತಮೂರು ವರ್ಷಗಳ ಅನಂತರ, ದೊರೆಯಿತು. ಇಂದು ಮಡಿಕೇರಿಯ ವೃತ್ತವೊಂದು ಅವರ ಹೆಸರನ್ನು ಹೊತ್ತಿದೆ. ಅಂದು ಆ ಬರಹವಿಲ್ಲದಿದ್ದರೆ ಈ ಹೆಸರೂ ಇರುತ್ತಿದ್ದಿತೆ?

ನಾವು ಕಲಿಯತಕ್ಕ ಪಾಠವು ಇದೇ. ಶೌರ್ಯವು ಯೋಧನದು; ಅದನ್ನು ಉಳಿಸುವ ಹೊಣೆ ಊರಿನದು. ಸೇನೆಯಿಂದ ಮರಳಿ ಕಾಫಿ ತೋಟದಲ್ಲೋ ಗದ್ದೆಯಲ್ಲೋ ದುಡಿಯುವ ಮುದುಕರು ಕೊಡಗಿನಲ್ಲಿ ಮಾತ್ರವಲ್ಲ, ನಮ್ಮೆಲ್ಲರ ಊರುಗಳಲ್ಲಿಯೂ ಇದ್ದಾರೆ. ಕಾರ್ಯಪ್ಪನವರು ತಮ್ಮ ಪದವಿಯ ನೆನಪಿನಲ್ಲಿ ಸುಮ್ಮನೆ ಕುಳಿತವರಲ್ಲ. ಮಾಜಿ ಸೈನಿಕರ ಹಿತಕ್ಕಾಗಿ, ಅವರ ಸಂಘಟನೆಗಾಗಿ ಇಳಿವಯಸ್ಸಿನಲ್ಲಿಯೂ ದುಡಿದರು. ಅವರ ಪ್ರತಿಮೆಗೆ ಹಾರ ಹಾಕಿ, ಬದುಕಿರುವ ಸಿಪಾಯಿಯ ಮನೆಯ ಬಾಗಿಲನ್ನು ಮರೆತರೆ ಅದು ಪೂಜೆಯಾದೀತೆ?

ಆದುದರಿಂದ ಉಪಾಧ್ಯಾಯರಲ್ಲಿ ನಮ್ಮ ಬಿನ್ನಹವಿಷ್ಟೆ. ವರ್ಷಕ್ಕೊಮ್ಮೆಯಾದರೂ ನಿಮ್ಮೂರಿನ ಮಾಜಿ ಸೈನಿಕರನ್ನು ಶಾಲೆಗೆ ಕರೆದು ಮಕ್ಕಳ ಮುಂದೆ ಕುಳ್ಳಿರಿಸಿರಿ. ಅವರು ಕಂಡುದನ್ನು ಮಕ್ಕಳ ಕೈಯಿಂದಲೇ ಬರೆಯಿಸಿರಿ. ಕೊಡಗಿನಲ್ಲಿಯಾದರೆ ಕೊಡವ ನುಡಿಯಲ್ಲಿ ಹೇಳಿದುದನ್ನು ಹಾಗೆಯೇ ಬರೆದಿಟ್ಟು ಕನ್ನಡಕ್ಕೂ ತನ್ನಿರಿ. ನಾಡು ಒಂದಾದುದು ಗಡಿಗೆರೆಯಿಂದ ಮಾತ್ರವಲ್ಲ. ಒಬ್ಬರ ವೀರರನ್ನು ಎಲ್ಲರೂ ತಮ್ಮವರೆಂದು ಬಗೆದಾಗಲೇ ಆ ಒಕ್ಕಟ್ಟು ಪೂರ್ಣವಾದೀತು.

ಕನ್ನಡ ತಾಯಿಗೆ ಜಯವಾಗಲಿ.