ನಮ್ಮೂರ ರೈಲ್ವೆ ಸ್ಟೇಷನ್ ನಡೆದು ಬಂದ ದಾರಿ
(ಸಂಘದ ಬೆಳ್ಳಿಹಬ್ಬದ ಸಭೆಯಲ್ಲಿ ಮಾಡಿದ ಭಾಷಣ)



ಬೆಳ್ಳಿಹಬ್ಬದ ದಿವಸ ಬೀಜ, ಗೊಬ್ಬರ, ಸಾಲದ ಮಾತು ಬಿಟ್ಟು ರೈಲಿನ ಮಾತು ಯಾಕೆ ಅಂತ ನೀವು ಕೇಳಬಹುದು. ಹಲಬರ್ಗಾ ಅಂದ್ರೆ ಹೊರಗಿನ ಮಂದಿಗೆ ಮೊದಲು ನೆನಪಾಗೋದು ನಮ್ಮ ಸ್ಟೇಷನ್ನು. ಅದರ ಕಥೆಯಲ್ಲಿ ನಮ್ಮ ಸಂಘಕ್ಕೂ ಒಂದು ಪಾಠ ಇದೆ.

ನಿಜಾಮರ ರಾಜ್ಯದಲ್ಲಿ ಮೊದಲ ರೈಲು ಓಡಿದ್ದು 1874ರಲ್ಲಿ, ವಾಡಿಯಿಂದ ಸಿಕಂದರಾಬಾದಿಗೆ. ಅದು ವಿಕಾರಾಬಾದಿನ ಮೇಲೆ ಹಾದುಹೋಯಿತು; ನಮ್ಮ ಬೀದರ ಸೀಮೆ ಬದಿಗೇ ಉಳಿಯಿತು. ಮುಂದೆ ಐವತ್ತು ವರ್ಷಕ್ಕೂ ಹೆಚ್ಚು ಕಾಲ ಕಳೆದ ಮೇಲೆ ವಿಕಾರಾಬಾದಿನಿಂದ ಒಂದು ಕವಲು ಹೊರಟು ಜಹೀರಾಬಾದ್, ಬೀದರ, ಹಲಬರ್ಗಾ, ಭಾಲ್ಕಿ, ಕಮಲನಗರ, ಉದಗೀರ ದಾಟಿ ಪರಳಿ ಮುಟ್ಟಿತು.

ಇಷ್ಟು ಸಣ್ಣ ಊರಿಗೆ ಸ್ಟೇಷನ್ ಯಾಕೆ ಬೇಕು? ಒಂಟಿ ಹಳಿಯ ಮೇಲೆ ಎದುರುಬದುರು ಬರುವ ಎರಡು ಗಾಡಿಗಳು ಒಂದನ್ನೊಂದು ದಾಟಬೇಕಾದರೆ ನಡುನಡುವೆ ಜೋಡಿ ಹಳಿಯ ಜಾಗ ಬೇಕು. ಇಂಥ ಮಾರ್ಗದಲ್ಲಿ ಮುಂದಿನ ಸ್ಟೇಷನ್ನಿನ ಒಪ್ಪಿಗೆ ಬಾರದೆ ಮಾಸ್ತರರು ಗಾಡಿ ಬಿಡುವಂತಿಲ್ಲ. ಹಳೇ ಪದ್ಧತಿಯಲ್ಲಿ ಆ ಒಪ್ಪಿಗೆಯ ಗುರುತಾಗಿ ಒಂದು ಟೋಕನ್ನು ಡ್ರೈವರನ ಕೈಗೆ ಕೊಡುತ್ತಿದ್ದರು. ಅದು ಕೈಗೆ ಬಂದರೇನೇ ಗಾಡಿ ಮುಂದೆ. ಸಣ್ಣ ಸ್ಟೇಷನ್ ಎಚ್ಚರ ಇದ್ದರೇನೇ ದೊಡ್ಡ ಗಾಡಿ ಕ್ಷೇಮ.

ಈ ಹಳಿ ಹಾಕಿದಾಗ ಜಹೀರಾಬಾದ್, ಬೀದರ, ಭಾಲ್ಕಿ, ಉದಗೀರ ಎಲ್ಲವೂ ಒಂದೇ ಬೀದರ ಜಿಲ್ಲೆ. 1950ರಲ್ಲಿ ನಿಜಾಮರ ರೈಲ್ವೆ ಭಾರತ ಸರ್ಕಾರಕ್ಕೆ ಬಂತು. 1956ರ ನವೆಂಬರ್ 1ರಂದು ಜಿಲ್ಲೆ ಮೂರು ಪಾಲಾಯಿತು. ಜಹೀರಾಬಾದ್ ಆಂಧ್ರಕ್ಕೆ, ಉದಗೀರ ಮುಂಬಯಿ ರಾಜ್ಯಕ್ಕೆ, ನಾವು ಮೈಸೂರಿಗೆ. ಗಡಿ ಬಂತು, ಆದರೆ ಬೀಗತನ ತಪ್ಪಲಿಲ್ಲ, ಸಂತೆ ವ್ಯಾಪಾರ ತಪ್ಪಲಿಲ್ಲ. ಹೆಣ್ಣು ಕೊಟ್ಟ ಊರು, ತಂದ ಊರು ಅದೇ ಹಳಿಯ ಮೇಲೇ ಉಳಿದವು. 1966ರಿಂದ ಸಿಕಂದರಾಬಾದಿನ ದಕ್ಷಿಣ ಮಧ್ಯ ರೈಲ್ವೆ ಬಂತು.

ಹೈದರಾಬಾದಿಗೆ ಹೋಗಲು ನಮಗೆ ಹಳಿ ಇತ್ತು. ನಮ್ಮದೇ ವಿಭಾಗದ ಊರಾದ ಕಲಬುರಗಿಗೆ ರೈಲಿನಲ್ಲಿ ಹೋಗಬೇಕಾದರೆ ಮಾತ್ರ ವಿಕಾರಾಬಾದ್, ವಾಡಿ ಸುತ್ತಬೇಕಿತ್ತು. 2017ರ ಅಕ್ಟೋಬರ್ 29ರಂದು ಸುಮಾರು 110 ಕಿ.ಮೀ.ಗಳ ಬೀದರ-ಕಲಬುರಗಿ ಮಾರ್ಗ ಉದ್ಘಾಟನೆಯಾಗಿ ಆ ಸುತ್ತು ತಪ್ಪಿತು. ಆ ಮಾರ್ಗ ಕವಲೊಡೆಯುವುದು ನಮ್ಮ ನೆರೆಯ ಖಾನಾಪುರದಲ್ಲಿ. ಸಂತೋಷದ ಮಾತು. ಆದರೆ ಜಂಕ್ಷನ್ ಮಗ್ಗುಲಿಗೆ ಬಂದಾಗ ಸಣ್ಣ ಸ್ಟೇಷನ್ನು ಮಂದಿಯ ಕಣ್ಣಿಗೆ ಬೀಳೋದು ಕಡಿಮೆಯಾಗಬಾರದು ಅನ್ನೋದೇ ನನ್ನ ಚಿಂತೆ.

ಈಗ ಪಾಠಕ್ಕೆ ಬರುತ್ತೇನೆ. ನಿಜಾಮರ ರೈಲನ್ನು ಮುಂದೆ ನಡೆಸಿದ್ದು 1883ರಲ್ಲಿ ಲಂಡನ್ನಿನಲ್ಲಿ ಕಟ್ಟಿದ ಒಂದು ಕಂಪನಿ. ಅದರ ಶೇರುದಾರರಿಗೆ ಬಡ್ಡಿಯ ಗ್ಯಾರಂಟಿ ಕೊಟ್ಟದ್ದು ನಿಜಾಮರ ಖಜಾನೆ. ಗಾಡಿಗೆ ಲಾಭ ಆಗಲಿ ಬಿಡಲಿ, ಬಡ್ಡಿ ಮುಟ್ಟಲೇಬೇಕು. ಖಜಾನೆ ತುಂಬಿದ್ದು ರೈತರ ಕಂದಾಯದಿಂದ. 1930ರಲ್ಲಿ ಸರ್ಕಾರ ಆ ರೈಲನ್ನು ಕೊಂಡುಕೊಂಡಿತು. ನಮ್ಮ ಸಂಘಕ್ಕೆ ಅಂಥ ಗ್ಯಾರಂಟಿ ಯಾರೂ ಬರೆದುಕೊಟ್ಟಿಲ್ಲ. ಸದಸ್ಯರು ಹೊರಗೆ ಸಾಲ ತೆಗೆದು, ಗೊಬ್ಬರ ಬೇರೆ ಅಂಗಡಿಯಲ್ಲಿ ಕೊಂಡು, ಸಂಘ ಬೆಳೀಲಿ ಅಂದ್ರೆ ಹ್ಯಾಂಗ ಬೆಳೆದೀತು? ಸ್ಟೇಷನ್ನಿನ ಮಾತೂ ಇದೇ. ಒಂದು ಗಾಡಿ ನಿಲ್ಲಿಸಿರಿ ಅಂತ ನಾವು ಮನವಿ ಕೊಟ್ಟರೆ ಅಲ್ಲಿ ನೋಡೋದು ಎಷ್ಟು ಟಿಕೀಟು ಹೋದವು ಅಂತ. ಟಿಕೀಟಿಲ್ಲದೆ ಹತ್ತಿದ ಹತ್ತು ಮಂದಿ ರೈಲ್ವೆಯ ಲೆಕ್ಕದಲ್ಲಿ ಹತ್ತಲೇ ಇಲ್ಲ.

ಅದಕ್ಕೇ ಎರಡು ವಿನಂತಿ. ಭಾಲ್ಕಿ ಎಷ್ಟು ದೂರ ಅನ್ನದೆ ಟಿಕೀಟು ತೆಗೆದೇ ಗಾಡಿ ಹತ್ತಿರಿ. ಈ ಹಳಿಯ ಮೇಲೆ ದುಡಿದ ಗ್ಯಾಂಗ್‌ಮನ್ನರು, ಹಮಾಲರು, ಗೇಟು ಕಾದವರು ಹೇಳುವ ಮಾತನ್ನು ಸಂಘದ ಒಂದು ವಹಿಯಲ್ಲಿ ಬರೆದಿಡೋಣ. ಹಿರಿಯರು ಇರುವಾಗಲೇ ಈ ಕೆಲಸ ಆಗಬೇಕು.