ಗುಡಿಸುವಾಕೆಯ ಕಬರು, ಆಟಗಾರನ ಕಬರು

ಅಲ್ಲಾಹನಿಗೆ ಸರ್ವಸ್ತುತಿ. ಪ್ರವಾದಿ ಮುಹಮ್ಮದ್(ಸ)ರ ಮೇಲೆ ಸಲಾತ್ ಮತ್ತು ಸಲಾಮ್.



ಮದೀನಾದ ಮಸೀದಿಯಲ್ಲಿ ಕಸ ಗುಡಿಸುತ್ತಿದ್ದ ಕಪ್ಪು ವರ್ಣದ ಒಬ್ಬ ಮಹಿಳೆಯಿದ್ದರು. ಅವರು ತೀರಿಕೊಂಡಾಗ ಸಹಾಬಿಗಳು ಇದೇನು ದೊಡ್ಡ ವಿಷಯವಲ್ಲವೆಂದು ಪ್ರವಾದಿ(ಸ)ರಿಗೆ ತಿಳಿಸದೆ ದಫನ್ ಮಾಡಿದರು. ಆಕೆ ಕಾಣದಿದ್ದಾಗ ಪ್ರವಾದಿ(ಸ) ತಾವೇ ವಿಚಾರಿಸಿದರು. ತನಗೇಕೆ ಹೇಳಲಿಲ್ಲವೆಂದು ಕೇಳಿ, ಕಬರಿನ ಬಳಿಗೆ ಹೋಗಿ ಜನಾಝಾ ನಮಾಝ್ ನಿರ್ವಹಿಸಿದರು. ಬುಖಾರಿ ಮತ್ತು ಮುಸ್ಲಿಮ್‌ನಲ್ಲಿ ಈ ಹದೀಸ್ ಇದೆ.

ಇದನ್ನು ಇಂದು ಹೇಳಲು ಕಾರಣವಿದೆ. ಇತ್ತೀಚೆಗೆ ಅಸರ್ ನಮಾಝಿನ ನಂತರ ಒಬ್ಬ ತಂದೆ ನಮ್ಮ ಬಳಿ ಬಂದರು. ಅವರ ಮಗ ಫುಟ್‌ಬಾಲ್ ಚೆನ್ನಾಗಿ ಆಡುತ್ತಾನೆ. ಜೊತೆಯ ಹುಡುಗರು 'ಹಬ್ಶಿ' ಎಂದು ಕೂಗುತ್ತಾರೆಂದು ಮೈದಾನಕ್ಕೆ ಹೋಗುವುದನ್ನೇ ಬಿಟ್ಟಿದ್ದಾನೆ. ಆ ಕೂಗು ಮೊದಲೇ ನಮ್ಮ ಕಿವಿಗೂ ಬಿದ್ದಿತ್ತು. ಮಕ್ಕಳ ತಮಾಷೆ ಎಂದು ನಾವು ಸುಮ್ಮನಿದ್ದೆವು. ಅಲ್ಲಾಹನು ನಮ್ಮನ್ನು ಕ್ಷಮಿಸಲಿ.

ನಮ್ಮ ಹುಡುಗರು ರಾತ್ರಿಯೆಲ್ಲಾ ಎದ್ದು ಇಂಗ್ಲೆಂಡಿನ ಫುಟ್‌ಬಾಲ್ ನೋಡುತ್ತಾರೆ. ಅಲ್ಲಿನ ಕಪ್ಪು ಆಟಗಾರರ ಹೆಸರಿನ ಅಂಗಿ ತೊಡುತ್ತಾರೆ. ಆ ದಾರಿಯನ್ನು ತೆರೆದವರಲ್ಲಿ ಒಬ್ಬರು ಆರ್ಥರ್ ವಾರ್ಟನ್. 1865ರಲ್ಲಿ ಆಫ್ರಿಕಾದ ಅಕ್ರಾದಲ್ಲಿ ಹುಟ್ಟಿದರು. 1886ರಲ್ಲಿ ನೂರು ಗಜಗಳನ್ನು ಹತ್ತು ಸೆಕೆಂಡುಗಳಲ್ಲಿ ಓಡಿದರು. ಪ್ರೆಸ್ಟನ್ ತಂಡದ ಗೋಲ್‌ಕೀಪರ್ ಆದರು, ಆನಂತರ ಸಂಬಳ ಪಡೆದು ಆಡಿದ ಮೊದಲ ಕಪ್ಪು ಆಟಗಾರರಲ್ಲಿ ಒಬ್ಬರಾದರು. ಆಟ ಮುಗಿದ ಮೇಲೆ ಕಲ್ಲಿದ್ದಲು ಗಣಿಯಲ್ಲಿ ಕೂಲಿ ಮಾಡಿದರು. 1930ರಲ್ಲಿ ತೀರಿಕೊಂಡಾಗ ಅವರ ಸಮಾಧಿಯ ಮೇಲೆ ಹೆಸರಿನ ಕಲ್ಲೂ ಇರಲಿಲ್ಲ. ಕಲ್ಲು ನಿಂತದ್ದು 1997ರಲ್ಲಿ.

ಅದು ದೂರದ ದೇಶದ ಮಾತು ಎನ್ನಬೇಡಿ. ನಮ್ಮದೇ ರಾಜ್ಯದ ಯಲ್ಲಾಪುರ, ಹಳಿಯಾಳ, ಮುಂಡಗೋಡದ ಕಾಡಂಚಿನಲ್ಲಿ ಸಿದ್ದಿ ಜನರಿದ್ದಾರೆ. ಅವರ ಹಿರಿಯರನ್ನು ಆಫ್ರಿಕಾದಿಂದ ಗುಲಾಮರಾಗಿ ತರಲಾಗಿತ್ತು. ಅವರಲ್ಲಿ ಹಿಂದೂಗಳಿದ್ದಾರೆ, ಕ್ರೈಸ್ತರಿದ್ದಾರೆ, ನಮ್ಮ ಮುಸ್ಲಿಮ್ ಸಹೋದರರೂ ಇದ್ದಾರೆ. 1987ರಲ್ಲಿ ಭಾರತೀಯ ಕ್ರೀಡಾ ಪ್ರಾಧಿಕಾರವು ಸಿದ್ದಿ ಮಕ್ಕಳನ್ನು ಆರಿಸಿ ತರಬೇತಿ ಕೊಡಲು ಆರಂಭಿಸಿತು. ಕಮಲಾ ಸಿದ್ದಿಯವರಂಥ ಓಟಗಾರರು ಹೊರಬಂದರು. ಕೆಲವೇ ವರ್ಷಗಳಲ್ಲಿ ಆ ಯೋಜನೆ ನಿಂತಿತು. ಎಷ್ಟೋ ಮಕ್ಕಳು ಮತ್ತೆ ಹೊಲದ ಕೂಲಿಗೆ ಮರಳಿದರು. ಓಡುವವರೆಗೆ ಚಪ್ಪಾಳೆ, ಓಟ ನಿಂತ ಮೇಲೆ ಮರೆವು. ಸಿದ್ದಿಗಳಿಗೆ ಪರಿಶಿಷ್ಟ ಪಂಗಡದ ಸ್ಥಾನ ಸಿಕ್ಕಿದ್ದೇ 2003ರಲ್ಲಿ.

ಸಹೋದರರೇ, ಹಬ್ಶಿ ಎಂದರೆ ಹಬಶ ದೇಶದವನು. ಮಕ್ಕಾದಲ್ಲಿ ಹಿಂಸೆ ತಾಳಲಾರದೆ ಹೊರಟ ಮುಸ್ಲಿಮರಿಗೆ ಮೊದಲು ಆಶ್ರಯ ಕೊಟ್ಟ ನಾಡು ಅದು. ದಿನಕ್ಕೆ ಐದು ಬಾರಿ ಅಝಾನ್ ಕೇಳುವ ನಾವು ಮೊದಲ ಮುಅಝ್ಝಿನ್ ಹಝ್ರತ್ ಬಿಲಾಲ್(ರ) ಹಬ್ಶಿ ಎಂಬುದನ್ನು ಮರೆತೆವೇ? ಆ ಹೆಸರನ್ನು ಬೈಗುಳ ಮಾಡಿದ ಬಾಯಿ ನಮ್ಮದು. ಒಬ್ಬರನ್ನೊಬ್ಬರು ಅಣಕಿಸುವುದನ್ನೂ ಅಡ್ಡಹೆಸರಿನಿಂದ ಕರೆಯುವುದನ್ನೂ ಸೂರಾ ಹುಜುರಾತ್‌ನ 11ನೇ ಆಯತ್ ತಡೆಯುತ್ತದೆ. ಅಲ್ಲಾಹನ ಬಳಿ ಗೌರವ ತಖ್ವಾದಿಂದ ಮಾತ್ರ ಎಂದು 13ನೇ ಆಯತ್ ತಿಳಿಸುತ್ತದೆ.

ಇದು ಮೈದಾನದ ಮಾತಷ್ಟೇ ಅಲ್ಲ. ಸೇಡಂ, ಚಿತ್ತಾಪುರ, ಚಿಂಚೋಳಿಯಲ್ಲಿ ನಿಕಾಹ್ ಮಾತುಕತೆಗೆ ಕುಳಿತಾಗ ನಾವು ಹುಡುಗಿಯ ದೀನ್ ಕೇಳುವ ಮೊದಲು ಬಣ್ಣ ಕೇಳುತ್ತೇವೆ. ಬಣ್ಣ ಕಡಿಮೆ ಎಂದು ವರದಕ್ಷಿಣೆ ಹೆಚ್ಚಿಸುತ್ತೇವೆ. ತಾಯಂದಿರೂ ಇದನ್ನು ಯೋಚಿಸಬೇಕು. ಮನೆಯಲ್ಲಿ ಆಡಿದ ಮಾತನ್ನೇ ಮಗ ಮೈದಾನದಲ್ಲಿ ಆಡುತ್ತಾನೆ.

ಶಹಾಬಾದ್ ಕಲ್ಲು ಊರೂರಿನ ಮನೆಗಳ ನೆಲವಾಗಿದೆ. ವಾಡಿಯ ಸಿಮೆಂಟಿನಿಂದ ಕಟ್ಟಡಗಳು ಎದ್ದಿವೆ. ಬಿಸಿಲಲ್ಲಿ ಸುಟ್ಟು ಕಪ್ಪಾದ ಆ ಕೂಲಿಕಾರರ ಹೆಸರು ನಮಗೆ ಗೊತ್ತೇ? ಅವರಲ್ಲಿ ಎಷ್ಟೋ ಮಂದಿ ನಮ್ಮ ಖಬರಸ್ತಾನದಲ್ಲೇ ಮಲಗಿದ್ದಾರೆ.

ಮುಂದಿನ ಜುಮಾದೊಳಗೆ ಮೂರು ಕೆಲಸ ಮಾಡೋಣ. ಆ ಹುಡುಗನ ಮನೆಗೆ ಅವನ ಜೊತೆಗಾರರು ಹೋಗಿ ಕ್ಷಮೆ ಕೇಳಲಿ, ನಾವೂ ಅವರೊಂದಿಗೆ ಹೋಗುತ್ತೇವೆ. ಪ್ರತಿ ತಂದೆಯೂ ತನ್ನ ಮಕ್ಕಳಿಗೆ ಮಸೀದಿ ಗುಡಿಸುತ್ತಿದ್ದ ಆ ಮಹಿಳೆಯ ಕಥೆ ಹೇಳಲಿ. ನಮ್ಮ ಮಸೀದಿ ಗುಡಿಸುವವರಿಗೆ ಸಲಾಮ್ ಹೇಳಿ, ಅವರ ಹೆಸರು ಕೇಳಿ.

ಅಲ್ಲಾಹನು ನಮ್ಮ ನಾಲಿಗೆಯನ್ನೂ ನೋಟವನ್ನೂ ಶುದ್ಧಗೊಳಿಸಲಿ. ಆಮೀನ್.