ಬಾಲಚಕ್ರದ ವಿಮಾನ ಕೊಟ್ಟ ಸಂತೋಷ

(ಸುವರ್ಣ ಮಹೋತ್ಸವದ ಹಳೆಯ ವಿದ್ಯಾರ್ಥಿಗಳ ಗೋಷ್ಠಿಯಲ್ಲಿ ಮಾಡಿದ ಭಾಷಣ)



ನಮ್ಮ ಶಾಲೆಯಿಂದ ಡಾಕ್ಟರು, ಇಂಜಿನಿಯರು, ಮೇಷ್ಟ್ರು, ಒಳ್ಳೆಯ ರೈತರು ಎಲ್ಲರೂ ಬಂದಿದ್ದಾರೆ. ವಿಮಾನ ಹಾರಿಸಿದವನು ನೀನೊಬ್ಬನೇ, ಅದನ್ನೇ ಹೇಳು ಎಂದು ಮುಖ್ಯೋಪಾಧ್ಯಾಯರು ಅಪ್ಪಣೆ ಮಾಡಿದ್ದಾರೆ. ದೊಡ್ಡ ಜೆಟ್ ವಿಮಾನಗಳನ್ನು ನೀವು ಟಿ.ವಿ.ಯಲ್ಲಿ ನೋಡಿಯೇ ಇದ್ದೀರಿ. ನನಗೆ ಹಾರಾಟದ ರುಚಿ ಹತ್ತಿಸಿದ್ದು ಬಾಲದಲ್ಲಿ ಪುಟ್ಟ ಚಕ್ರವಿರುವ ಹಳೆಯ ಸಣ್ಣ ವಿಮಾನಗಳು. ಇಂದು ಅವುಗಳ ಕಥೆ ಹೇಳುತ್ತೇನೆ.

ಈಗಿನ ವಿಮಾನಗಳಿಗೆ ಮೂತಿಯ ಕೆಳಗೆ ಒಂದು ಚಕ್ರ ಇರುತ್ತದೆ. ಹಳೆಯವಕ್ಕೆ ಮುಂದೆ ಎರಡು ದೊಡ್ಡ ಚಕ್ರ, ಬಾಲದಲ್ಲಿ ಒಂದು ಚಿಕ್ಕದು. ನಿಂತಾಗ ಕುಳಿತ ನಾಯಿಯಂತೆ ಮೂತಿ ಮೇಲೆತ್ತಿರುತ್ತವೆ. ಆಗ ಓಡುದಾರಿಗಳು ಹುಲ್ಲಿನ ಮೈದಾನಗಳು. ಪ್ರೊಪೆಲ್ಲರ್ ನೆಲಕ್ಕೆ ತಾಗದಂತೆ ಮೂತಿ ಎತ್ತರದಲ್ಲಿ ಇರಬೇಕಿತ್ತು. ಬಾಲದ ಸಣ್ಣ ಚಕ್ರದ ತೂಕವೂ ಕಡಿಮೆ.

ನಮ್ಮ ಬೆಂಗಳೂರಿಗೂ ಇವಕ್ಕೂ ಹತ್ತಿರದ ನಂಟು. ಡಾ. ವಿ. ಎಂ. ಘಾಟಗೆಯವರ ನೇತೃತ್ವದಲ್ಲಿ ಎಚ್.ಎ.ಎಲ್. ರೂಪಿಸಿದ ಎಚ್.ಟಿ.-2 ತರಬೇತಿ ವಿಮಾನ 1951ರಲ್ಲಿ ಮೊದಲ ಬಾರಿ ಹಾರಿತು. 1958ರಲ್ಲಿ ಹಾರಿದ ಪುಷ್ಪಕ್, ಪಕ್ಕಪಕ್ಕದಲ್ಲಿ ಇಬ್ಬರು ಕೂರುವಂಥದ್ದು. 90 ಅಶ್ವಶಕ್ತಿಯ ಎಂಜಿನ್, ಬಟ್ಟೆ ಹೊದಿಸಿದ ರೆಕ್ಕೆ. ದೇಶದ ಎಷ್ಟೋ ಫ್ಲೈಯಿಂಗ್ ಕ್ಲಬ್ಬುಗಳಲ್ಲಿ ಹುಡುಗರು ಹಾರಲು ಕಲಿತದ್ದು ಇದರಲ್ಲಿ. ಜಕ್ಕೂರಿನಲ್ಲಿ ನಾನು ಕಲಿತದ್ದೂ ಪುಷ್ಪಕ್‌ನಲ್ಲೇ.

ಇದರ ಕಷ್ಟ ಏನು ಗೊತ್ತೇ? ಎತ್ತಿನ ಗಾಡಿಯನ್ನು ಮೂಕಿ ಹಿಡಿದು ಎಳೆದರೆ ನೇರವಾಗಿ ಬರುತ್ತದೆ. ಅದೇ ಮೂಕಿ ಹಿಡಿದು ಹಿಂದಕ್ಕೆ ತಳ್ಳಿ ನೋಡಿ, ಸ್ವಲ್ಪ ಓರೆಯಾದರೆ ಸಾಕು, ಗಾಡಿ ಇನ್ನಷ್ಟು ತಿರುಗಿಕೊಳ್ಳುತ್ತದೆ. ಬಾಲಚಕ್ರದ ವಿಮಾನದ ಗುಣವೂ ಅದೇ. ಅದರ ಭಾರ ದೊಡ್ಡ ಚಕ್ರಗಳ ಹಿಂದೆ ಇರುತ್ತದೆ. ನೆಲದ ಮೇಲೆ ಓಡುವಾಗ ಸ್ವಲ್ಪ ಅಡ್ಡವಾದರೆ ಹಿಂದಿನ ಭಾರ ಮುಂದೆ ಬರಲು ನುಗ್ಗಿ, ವಿಮಾನ ಗಿರ್ರನೆ ತಿರುಗಿಬಿಡಬಹುದು. ರೆಕ್ಕೆಯ ತುದಿ ನೆಲಕ್ಕೆ ಬಡಿಯಬಹುದು, ಚಕ್ರದ ಕಾಲು ಮುರಿಯಬಹುದು. ಇದನ್ನು ತಡೆಯುವುದು ಪೈಲಟ್‌ನ ಎರಡು ಪಾದಗಳು. ರಡ್ಡರ್ ಪೆಡಲ್‌ಗಳ ಮೇಲೆ ಅವು ಸದಾ ಸಣ್ಣಗೆ ಆಡುತ್ತಲೇ ಇರಬೇಕು.

ಏರುವಾಗ ವೇಗ ಬಂದಂತೆ ಮೊದಲು ಬಾಲ ಮೇಲೇಳುತ್ತದೆ. ಆ ಕ್ಷಣದಲ್ಲಿ ತಿರುಗುತ್ತಿರುವ ಪ್ರೊಪೆಲ್ಲರ್ ಬುಗುರಿಯ ಗುಣ ತೋರಿಸಿ ಪುಷ್ಪಕ್‌ನ ಮೂತಿಯನ್ನು ಎಡಕ್ಕೆ ಎಳೆಯುತ್ತದೆ, ಬಲಗಾಲು ಸಿದ್ಧವಾಗಿರಬೇಕು. ಇಳಿಯುವಾಗ ನೆಲಕ್ಕೆ ಒಂದೆರಡು ಅಡಿ ಮೇಲೆ ವೇಗ ಕಳೆಯುತ್ತಾ, ಮೂತಿ ಎತ್ತುತ್ತಾ ಬಂದು, ಮೂರು ಚಕ್ರವೂ ಒಟ್ಟಿಗೆ ಹುಲ್ಲಿಗೆ ತಾಗುವಂತೆ ಕೂರಿಸಬೇಕು. ಸರಿಯಾಗಿ ಕೂತಾಗ ಹುಲ್ಲಿನ ಸದ್ದು ಮಾತ್ರ ಕೇಳುತ್ತದೆ. ಆ ಸದ್ದಿಗಾಗಿ ನಾನು ನೂರಾರು ಸಲ ಇಳಿದಿದ್ದೇನೆ, ಸಾಕೆನಿಸಿಲ್ಲ.

ಒಂದು ಮಧ್ಯಾಹ್ನ ನಾನೊಬ್ಬನೇ ಹಾರುತ್ತಿದ್ದಾಗ ಅಡ್ಡಗಾಳಿ ಎದ್ದಿತು. ಗಾಳಿ ಬರುವ ಕಡೆಯ ರೆಕ್ಕೆಯನ್ನು ಬಗ್ಗಿಸಿ, ಎದುರು ಕಾಲು ಒತ್ತಿ, ಒಂದೇ ಚಕ್ರದ ಮೇಲೆ ಇಳಿಸಿದೆ. ಆಮೇಲೆ ಇನ್ನೊಂದು ಚಕ್ರ, ಕೊನೆಗೆ ಬಾಲ. ಓಡಿ ಬಂದ ನನ್ನ ಗುರುಗಳು ಹೊಗಳಲಿಲ್ಲ. "ಎಂಜಿನ್ ಆರಿಸಿ, ಚಕ್ರಕ್ಕೆ ದಿಮ್ಮಿ ಕೊಟ್ಟ ಮೇಲೆ ಉಸಿರು ಬಿಡಪ್ಪ" ಎಂದರು. ಮುಂದೆ ಎಷ್ಟು ದೊಡ್ಡ ವಿಮಾನ ಹತ್ತಿದರೂ ಆ ಮಾತು ನನ್ನನ್ನು ಕಾಯಿತು.

ಮೇಲೆ ಹೋದ ಮೇಲಂತೂ ಅವಸರವೇ ಇಲ್ಲ. ಗಂಟೆಗೆ ನೂರು ಮೈಲಿಗೂ ಕಡಿಮೆ ವೇಗ. ಕೆಳಗೆ ಕೆರೆಗಳು, ರಾಗಿ ಹೊಲಗಳು, ಉತ್ತರಕ್ಕೆ ನಂದಿಬೆಟ್ಟ. ಬಿಸಿಲೇರಿದಂತೆ ಬಂಡೆಗಳ ಮೇಲೆ ಏಳುವ ಗಾಳಿ ಬೆನ್ನಿಗೇ ಗೊತ್ತಾಗುತ್ತಿತ್ತು.

1956ರಲ್ಲಿ ಮಾರುಕಟ್ಟೆಗೆ ಬಂದ ಸೆಸ್ನಾ 172ರಂಥ ಮೂತಿಚಕ್ರದ ವಿಮಾನಗಳನ್ನು ಇಳಿಸುವುದು ಸುಲಭ. ಹಾಗಾಗಿ ತರಬೇತಿ ಶಾಲೆಗಳು ಅವನ್ನೇ ಆರಿಸಿಕೊಂಡವು, ಅದು ಸರಿಯೇ. ಆದರೆ ಹಳೆಯದನ್ನು ಹಾರಿಸಬಲ್ಲವರು, ರೆಕ್ಕೆಗೆ ಬಟ್ಟೆ ಹೊಲಿದು ಬಿಗಿಯಬಲ್ಲವರು ಕಡಿಮೆಯಾಗುತ್ತಿದ್ದಾರೆ. 1947ರ ಅಕ್ಟೋಬರ್ 27ರಂದು ನಮ್ಮ ಸೈನಿಕರನ್ನು ಶ್ರೀನಗರದಲ್ಲಿ ಇಳಿಸಿದ ಡಕೋಟಾ ಕೂಡ ಬಾಲಚಕ್ರದ ವಿಮಾನವೇ. ಅಂಥ ಒಂದು ಡಕೋಟಾವನ್ನು ಬ್ರಿಟನ್ನಿನಲ್ಲಿ ದುರಸ್ತಿ ಮಾಡಿಸಿ, 'ಪರಶುರಾಮ' ಎಂದು ಹೆಸರಿಟ್ಟು, 2018ರಲ್ಲಿ ಹಾರಿಸಿಕೊಂಡೇ ಭಾರತಕ್ಕೆ ತಂದರು. ವಿಮಾನವನ್ನು ಗಾಜಿನ ಆಚೆ ಇಟ್ಟು ಉಳಿಸಬಹುದು. ಪಾದದ ವಿದ್ಯೆ ಉಳಿಯಬೇಕಾದರೆ ಒಬ್ಬರು ಪಕ್ಕದಲ್ಲಿ ಕೂತು ಇನ್ನೊಬ್ಬರಿಗೆ ಕಲಿಸಲೇಬೇಕು.

ಮಕ್ಕಳೇ, ಕನ್ನಡ ಮಾಧ್ಯಮದವರಿಗೆ, ಹಳ್ಳಿಯವರಿಗೆ, ಹೆಣ್ಣುಮಕ್ಕಳಿಗೆ ಇದು ಆಗದ ಕೆಲಸ ಎಂದುಕೊಳ್ಳಬೇಡಿ. ಎಸ್ಸೆಸ್ಸೆಲ್ಸಿ ಪಾಸಾಗಿ 16 ವರ್ಷ ತುಂಬಿದರೆ ವಿದ್ಯಾರ್ಥಿ ಪೈಲಟ್ ಪರವಾನಗಿಗೆ ಅರ್ಜಿ ಹಾಕಬಹುದು. ಪೈಲಟ್ ನೌಕರಿ ಬೇಕೆನ್ನುವವರು ಪಿಯುಸಿಯಲ್ಲಿ ಭೌತಶಾಸ್ತ್ರ, ಗಣಿತ ಓದಿರಬೇಕು. ಖರ್ಚು ಬಹಳ, ಸುಳ್ಳು ಹೇಳಲಾರೆ. ಅದಕ್ಕೇ ಕಾಲೇಜಿನಲ್ಲಿ ಎನ್.ಸಿ.ಸಿ. ವಾಯುದಳ ಇದ್ದರೆ ಮೊದಲು ಅಲ್ಲಿ ಸೇರಿ. ಬೆಂಗಳೂರಿಗೆ ಹೋದಾಗ ಎಚ್.ಎ.ಎಲ್. ವಸ್ತುಸಂಗ್ರಹಾಲಯದಲ್ಲಿ ಎಚ್.ಟಿ.-2 ನೋಡಿ ಬನ್ನಿ. ನೋಡುವಾಗ ಬಾಲದ ಕಡೆಗೂ ಒಂದು ಸುತ್ತು ಹಾಕಿ.